ಆಡಿನ ಎದೆಬಡಿತ

“ಆ ಎರಡೂವರೆ ತಾಸು ತಗದ ಬಿಡ್ರಿ ಗೌತಮ್. ಮುದುಕಿ ಬೆವತಿರಬೇಕು, ಸ್ಟಿಕರ್ ಸಡ್ಲ ಆಗಿರಬೇಕು. ಗದ್ದಲ ಅಂತ ಬರದು ಕಳಸ್ರಿ.”

ಉಮಾಶ್ರೀ ಇದನ್ನು ಹೇಳುವಾಗ ಊಟದ ಡಬ್ಬಿಯ ಮುಚ್ಚಳದೊಂದಿಗೆ ಗುದ್ದಾಡುತ್ತಿದ್ದಳು. ಗಂಟೆ ಇನ್ನೂ ಹನ್ನೊಂದಾಗಿರಲಿಲ್ಲ.

“ಗದ್ದಲ ಅಲ್ರಿ ಅದು,” ಎಂದ ಗೌತಮ. “ಎದಿನ. ಬ್ಯಾರೇದವರ ಎದಿ.”

“ಬ್ಯಾರೇದವರ ಎದಿ ಮುದುಕಿ ರೆಕಾರ್ಡಿನ್ಯಾಗ ಹೆಂಗ ಬರ್ತೈತಿ?”

“ಅದನ್ನ ಕೇಳಾಕ ಹತ್ತೇನಿ.”

“ನನ್ನ ಕೇಳಬ್ಯಾಡ್ರಿ. ಐದರೊಳಗ ಅಪ್‌ಲೋಡ್ ಆಗಬೇಕು. ಎರಡ ಮಂದಿ ಎದಿ ಅಂತ ಬರದ್ರ ಇಡೀ ರೆಕಾರ್ಡ್ ಹೊಳ್ಳಿ ಬರ್ತೈತಿ. ಮುದುಕಿಗೆ ರಿಪೋರ್ಟ್ ಇಲ್ಲ, ನನಗ ಮ್ಯಾಲಿನವರಿಂದ ಮಂಗಳಾರತಿ. ಝುಣಕ ಐತಿ, ತಿಂತೀರೇನು?”

ಗೌತಮ ಬೇಡವೆಂದ. ಅವಳು ಅವನ ಬೇಡವನ್ನು ಲೆಕ್ಕಕ್ಕೆ ಹಿಡಿಯದೆ ಅರ್ಧ ರೊಟ್ಟಿಯನ್ನು ಕೀಬೋರ್ಡಿನ ಪಕ್ಕದಲ್ಲಿಟ್ಟಳು.

ಬೈಲಹೊಂಗಲದ ಬಜಾರದಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆಗಳೇ ಅವರ ಆಫೀಸು. ನಾಲ್ಕು ತಾಲ್ಲೂಕುಗಳಲ್ಲಿ ನಲವತ್ತು ದಾಟಿದವರ ಹೃದಯ ಹೇಗಿದೆ ಎಂದು ದೂರದ ಯಾವುದೋ ಸಂಸ್ಥೆಗೆ ತಿಳಿಯಬೇಕಾಗಿತ್ತು. ಉಮಾಶ್ರೀ ರಾಮದುರ್ಗದಿಂದ ಕಿತ್ತೂರಿನವರೆಗೆ ಊರೂರು ತಿರುಗಿ, ಜನರ ಎದೆಗೆ ಮೂರು ಸ್ಟಿಕರ್ ಹಚ್ಚಿ, ಅಂಗೈಯಗಲದ ಯಂತ್ರವನ್ನು ಕೊರಳಿಗೆ ತೂಗುಬಿಟ್ಟು ಬರುತ್ತಿದ್ದಳು. ಮರುದಿನ ಬಿಚ್ಚಿ ತರುತ್ತಿದ್ದಳು. ಆ ಇಪ್ಪತ್ನಾಲ್ಕು ತಾಸುಗಳ ಬಡಿತವನ್ನು ಓದುವುದು ಗೌತಮನ ಕೆಲಸ. ಅವನಿಗೆ ಮೂವತ್ನಾಲ್ಕು ವರ್ಷ. ಓದಿದ್ದು ಧಾರವಾಡದಲ್ಲಿ ಭೌತಶಾಸ್ತ್ರ. ಪ್ರೋಗ್ರಾಮಿಂಗನ್ನು ಯಾರೂ ಕಲಿಸಿರಲಿಲ್ಲ, ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತದ್ದು.

ಅವನು ಬಳಸುತ್ತಿದ್ದುದು ಒಂದು ಲೈಬ್ರರಿ. ಅದರಲ್ಲಿ ಪುಸ್ತಕಗಳಿಲ್ಲ. ಹೃದಯದ ಗೆರೆಗಳನ್ನು ಓದುವುದಕ್ಕೆಂದು ಯಾರೋ ಎಲ್ಲೋ ಕುಳಿತು ಬರೆದಿಟ್ಟ ಪ್ರೋಗ್ರಾಮುಗಳ ಗಂಟು ಅದು. ಅದರ ಲೋಕದಲ್ಲಿ ನಾಲ್ಕೇ ಬಗೆಯ ವಸ್ತುಗಳು: ರೆಕಾರ್ಡ್, ರೆಕಾರ್ಡಿನೊಳಗೆ ಸಿಗ್ನಲ್, ಸಿಗ್ನಲಿನ ಮೇಲೆ ಗುರುತು, ಮತ್ತು ಏನೂ ಇಲ್ಲದ ಕಡೆ ಖಾಲಿ ತುಂಡು. ಖಾಲಿ ತುಂಡಿಗೂ ಉದ್ದವಿತ್ತು. ಮನುಷ್ಯ ಎಂಬ ಟೈಪ್ ಇರಲಿಲ್ಲ. ಫೈಲಿನ ತುದಿಯಲ್ಲಿ ಟಿಪ್ಪಣಿಗೆಂದು ಒಂದು ಸಾಲು; ‘ಹೆಣ್ಣು, ೬೨, ಎಂ.ಕೆ. ಹುಬ್ಬಳ್ಳಿ’ ಎಂಬುದೆಲ್ಲ ಅಲ್ಲಿ. ಪ್ರೋಗ್ರಾಮು ಓದುವಾಗ ಆ ಸಾಲನ್ನು ದಾಟಿ ಹೋಗುತ್ತಿತ್ತು.

ಇದರಲ್ಲಿ ಅವನಿಗೆ ಒಂದು ಬಗೆಯ ಸುಖವೂ ಇತ್ತು. ನಾನೂರ ಹನ್ನೆರಡು ಜನರ ಎದೆ ಅವನಿಗೆ ಗೊತ್ತು. ಒಬ್ಬರ ಮುಖವೂ ಗೊತ್ತಿಲ್ಲ. ಬಸ್ಸಿನಲ್ಲಿ ಪಕ್ಕ ಕುಳಿತವರು ನೂರಾ ಎಂಟೋ ಮುನ್ನೂರಾ ಎರಡೋ ಆಗಿರಬಹುದು. ಅವರು ಊರು, ಕೆಲಸ, ಅಡ್ಡಹೆಸರು ಎಂದು ಒಂದೊಂದೇ ಮೆಟ್ಟಿಲಿಳಿದು ಅವನ ಜಾತಿಯ ಕಡೆಗೆ ಬರುತ್ತಿದ್ದಾಗ ಅವನು ಕಿಟಕಿಯ ಹೊರಗೆ ನೋಡುತ್ತಿದ್ದ.

ಯಂತ್ರ ಬಂದ ಹೊಸದರಲ್ಲಿ ಪರೀಕ್ಷೆಗೆಂದು ಅದನ್ನು ಒಂದು ದಿನ ತಾನೇ ಹಾಕಿಕೊಂಡಿದ್ದ. ಅದೇ ದಿನ ಮುಂಜಾನೆ ಹನ್ನೊಂದೂ ಇಪ್ಪತ್ತಕ್ಕೆ, ಆರು ವರ್ಷ ಅವನಿಗಾಗಿ ಕಾದಿದ್ದ ಭಾಗ್ಯಾ ಫೋನ್ ಮಾಡಿ ತನ್ನ ಮದುವೆ ಗೊತ್ತಾಯಿತೆಂದು ಹೇಳಿದಳು. ರಾತ್ರಿ ಅವನು ರೆಕಾರ್ಡ್ ತೆರೆದು ಹನ್ನೊಂದೂ ಇಪ್ಪತ್ತನ್ನು ಹುಡುಕಿದ. ನಿಮಿಷಕ್ಕೆ ಎಪ್ಪತ್ತಾರು. ಹಿಂದೆಯೂ ಎಪ್ಪತ್ತಾರು, ಮುಂದೆಯೂ. ಒಂದು ಲಕ್ಷ ಬಡಿತಗಳ ಮೇಲೂ ಒಂದೇ ಗುರುತು: ನಾರ್ಮಲ್. ಯಂತ್ರ ಕೆಟ್ಟಿದೆಯೇನೋ ಎಂದು ಅವನು ಆಶೆಯಿಂದಲೇ ಪರೀಕ್ಷಿಸಿದ್ದ. ಕೆಟ್ಟಿರಲಿಲ್ಲ.

ಈಗ ತೆರೆಯ ಮೇಲೆ ನಾನೂರ ಹದಿಮೂರು. ಮುದುಕಿಯ ಬಡಿತ ಅವಸರದ್ದು, ಗಿಡ್ಡ, ತಾಳ ತಪ್ಪಿದ್ದು. ಶುಕ್ರವಾರ ಹನ್ನೆರಡೂ ಐವತ್ತಕ್ಕೆ ಹನ್ನೊಂದು ಸೆಕೆಂಡು ಗೆರೆ ಸತ್ತು ಬಿದ್ದಿತ್ತು. ಆಮೇಲೆ ಎದ್ದದ್ದು ಬೇರೆಯೇ ಹೃದಯ. ಎತ್ತರದ ಅಲೆಗಳು, ನಿಮಿಷಕ್ಕೆ ನಲವತ್ತಾರು. ಅದು ನಡುನಡುವೆ ನಿಲ್ಲುತ್ತಿತ್ತು. ಮೂರೂವರೆ ಸೆಕೆಂಡು, ನಾಲ್ಕು, ಮತ್ತೆ ನಾಲ್ಕು, ಮತ್ತೆ ಮೂರೂವರೆ. ಐದನೆಯ ಸಲ ಐದೂವರೆ ಸೆಕೆಂಡು ಗೆರೆ ನೆಲಕ್ಕೆ ಮಲಗಿತ್ತು, ಮತ್ತು ಅದರ ಹಿಂದೆ ಮುಂದೆ ನಡೆದಾಟದ ನಡುಕವಿತ್ತು. ಆ ಮನುಷ್ಯ ಎಚ್ಚರವಿದ್ದ. ಎದ್ದು ನಿಂತಿದ್ದ. ಮೂರೂ ಇಪ್ಪತ್ತಕ್ಕೆ ಮುದುಕಿ ಮರಳಿ ಬಂದಿದ್ದಳು.

“ಕಿತ್ತೂರಾಗ ಸ್ವಲ್ಪ ಕೆಲಸೈತಿ,” ಎಂದು ಲ್ಯಾಪ್‌ಟಾಪ್ ಮಡಚಿದ. “ಅಲ್ಲಿಂದನ ಕಳಸ್ತೇನಿ.”

ಉಮಾಶ್ರೀ ಅವನನ್ನೇ ನೋಡಿದಳು. “ಮಂದಿ ಮನಿಗೆ ಹೋಗೂದು ನಿಮ್ಮ ಕೆಲಸಲ್ಲ, ಗೊತ್ತೈತಿಲ್ಲ?”

“ಗೊತ್ತೈತಿ.”

“ರೊಟ್ಟಿ ತಿಂದು ಹೋಗ್ರಿ ಹಂಗಾದ್ರ. ಕಿತ್ತೂರು ಎಲ್ಲಿಗೂ ಓಡಿ ಹೋಗೂದಿಲ್ಲ.”

ಬಸ್ಸಿನಲ್ಲಿ ಅವನು ತನ್ನನ್ನು ಕೇಳಿಕೊಂಡ: ಯಾಕೆ ಹೊರಟಿದ್ದೇನೆ? ಮರುಕದಿಂದಲೆ? ಮರುಕದ ಗುರುತು ಎದೆಯಲ್ಲೆಲ್ಲೂ ಸಿಗಲಿಲ್ಲ. ಹೆಸರಿಲ್ಲದ ಒಂದು ಗೆರೆ ಕಣ್ಣಲ್ಲಿ ಕಸದಂತೆ ಚುಚ್ಚುತ್ತಿತ್ತು, ಅಷ್ಟೆ. ಹೆಸರು ಸಿಕ್ಕರೆ ಕಸ ಹೋದೀತು. ಒಬ್ಬ ಮನುಷ್ಯ ಸತ್ತು ಹೋಗಬಹುದು ಎಂಬುದು ಎರಡನೆಯ ವಿಚಾರವಾಗಿ ಬಂತು. ಅದು ಮೊದಲನೆಯದಾಗಲಿಲ್ಲವೆಂದು ನಾಚಿಕೆಪಡಲು ನೋಡಿದ. ಅಷ್ಟರಲ್ಲಿ ಕಿತ್ತೂರು ಬಂತು. ಬಸ್ಸು ಬದಲಿಸಿದ.

ಉಮಾಶ್ರೀಯ ಪಟ್ಟಿಯಲ್ಲಿ ಆ ಮುದುಕಿಯ ಹೆಸರು ರಹೀಮಬಿ ಎಂದಿತ್ತು; ಎಂ.ಕೆ. ಹುಬ್ಬಳ್ಳಿಯಲ್ಲಿ ಅವಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮೂರು ಜನ ದಾರಿ ತೋರಿಸಿ, ನಾಲ್ಕನೆಯವ ಬಾಗಿಲವರೆಗೆ ಬಿಟ್ಟು ಹೋದ. ಮುಂದೆ ತಗಡಿನ ಚಪ್ಪರ, ಅದರಡಿ ಹಗ್ಗದ ಮಂಚ, ಗೂಟಕ್ಕೆ ಕಟ್ಟಿದ ಒಂದು ಕರಿ ಆಡು.

“ಮಷೀನಿನವರಾ? ಬರ್ರಿ, ಬರ್ರಿ, ಕುಂದರ್ರಿ,” ಎಂದಳು ಮುದುಕಿ. “ಮೊನ್ನೆ ಬಂದಾಕಿ ಉಮಾಶ್ರೀಬಾಯಿ ಛಲೋ ಹೆಂಗಸು. ನಿಮ್ಮದ್ಯಾವೂರು?”

“ಬೈಲಹೊಂಗಲ.”

“ಯಾರ ಪೈಕಿ?”

ಅವನು ಆಡನ್ನು ನೋಡಿದ. “ಬೌದ್ಧರು.”

“ಅಂದ್ರ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಕೂಗಿದಳು, “ಫಿರದೋಸ್, ಚಾ ಇಡವಾ. ಸಕ್ರಿ ಜಾಸ್ತಿ ಹಾಕು, ಹುಡುಗ ಸೊರಗ್ಯಾನ.”

ಸೊಸೆ ಬಾಗಿಲಿಗೆ ಬಂದು ನಿಂತಳು. ಮೂವತ್ತೈದರ ಹೆಂಗಸು, ಕೈಗೆ ಹಿಟ್ಟು. ಒಳಗೆ ಹೋಗಲಿಲ್ಲ.

“ಅಮ್ಮಾ, ಶುಕ್ರವಾರ ಮಧ್ಯಾಹ್ನ ಮಷೀನು ತಗದಿದ್ರೇನು?”

“ನಾ ಯಾಕ ತಗೀಲಿ? ತಗೀಬ್ಯಾಡ್ರಿ ಅಂದಾಳ ಅಕಿ. ಇದು ಕೂಸಿದ್ದಂಗ, ಅಳಾಕ ಬಿಡಬ್ಯಾಡ್ರಿ, ಒಂದ ಸಲ ಅತ್ರ ಮಾಡಿದ್ದೆಲ್ಲಾ ನೀರಾಗ ಹೋಗ್ತೈತಿ ಅಂದಾಳ.” ಉಮಾಶ್ರೀ ಎಲ್ಲರಿಗೂ ಹೇಳುವ ಮಾತು ಅದು, ಸ್ಟಿಕರ್ ಬಿಚ್ಚಿದರೆ ಯಂತ್ರ ಕೀಂಗುಡುತ್ತಿತ್ತು. ಸುಮ್ಮನಿರುವುದು ಮುದುಕಿಗೆ ರೂಢಿಯಿರಲಿಲ್ಲ. “ಝುಮ್ಮಾ ದಿನಾ. ಜಳಕಾ ಮಾಡಬ್ಯಾಡೇನು? ನೀರ ಹತ್ತಿದ್ರ ಕೆಡ್ತೈತಿ. ಬಿಚ್ಚಿಟ್ರ ಅಳ್ತೈತಿ. ಜಳಕಕ್ಕ ಹೋಗುವಾಗ ಕೂಸನ್ನ ಏನ ಮಾಡ್ತಾರು? ಬಾಜೂದವರ ಕೈಯಾಗ ಕೊಡ್ತಾರು.”

“ಯಾರ ಕೈಯಾಗ ಕೊಟ್ರಿ?”

“ಆಡಿಗೆ ಹಚ್ಚಿದ್ವಿ,” ಎಂದಳು ಫಿರದೋಸ್ ಬಾಗಿಲಿನಿಂದ.

ಮುದುಕಿ ಸೊಸೆಯ ಕಡೆ ತಿರುಗಿದಳು. ಸೊಸೆ ಕೈಯ ಹಿಟ್ಟನ್ನು ಉಜ್ಜುತ್ತಿದ್ದಳು.

“ಹೂಂ, ಆಡಿಗೆ,” ಎಂದಳು ಮುದುಕಿ. “ಜಳಕಾ ಆತು, ನಮಾಜ್ ಆತು, ಕಣ್ಣಿಗೆ ಜೋಂಪು ಹತ್ತಿತು. ಹಿಂಗಾಗಿ ಅದರ ಕಡೇನ ಉಳೀತು. ಮಸೂತಿಗೆ ಹೋಗು, ಏಳು, ಝುಮ್ಮಾ ತಪ್ಪಸ್ಬ್ಯಾಡ ಅಂತ ಎಷ್ಟ ಎಬ್ಬಿಸಿದ್ರೂ ಏಳಲಿಲ್ಲ.”

“ಯಾರು?”

“ಆಡು,” ಎಂದಳು ಫಿರದೋಸ್.

ಗೌತಮ ನಗಲಿಲ್ಲ. “ಆಡಿನ ಎದಿ ಹಂಗ ಇರೂದಿಲ್ರಿ.”

“ನೀವು ಆಡಿಂದ ನೋಡೀರೇನು?”

ನೋಡಿರಲಿಲ್ಲ. ಆಡಿನ ರೆಕಾರ್ಡ್ ಅವನ ಬಳಿ ಒಂದೂ ಇರಲಿಲ್ಲ. ಅವನು ಮಂಚದ ಕಡೆ ನೋಡಿದ. ಅದರ ಮೇಲೆ ಮಡಚಿಟ್ಟ ಗಂಡಸಿನ ಲುಂಗಿ ಇತ್ತು. ಕೇಳಬೇಕಾದ ಪ್ರಶ್ನೆ ನಾಲಿಗೆಯ ಮೇಲೆಯೇ ಇತ್ತು. ಅದರ ಬದಲು ಅವನು ಫಿರದೋಸ್ ಆಮೇಲೆ ತಂದುಕೊಟ್ಟ ಚಹಾ ಕುಡಿದ. ಬಹಳ ಸಿಹಿಯಾಗಿತ್ತು. ಮುದುಕಿ ತನ್ನ ಮಂಡಿನೋವು, ಮಗಳು ತಬಸ್ಸುಮಳ ಬಾಣಂತನ, ಸವದತ್ತಿಯ ಬೀಗರ ಜಿಪುಣತನ ಎಲ್ಲವನ್ನೂ ಹೇಳಿದಳು. ಮಗನ ಹೆಸರು ಹಜರತಸಾಬ, ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ ಎಂಬುದು ಅದರ ನಡುವೆ ಬಂದು ಹೋಯಿತು. ಸೊಸೆ ಕೆಮ್ಮಿದಳು. ಮುದುಕಿ ಮತ್ತೆ ಮಂಡಿಗೆ ಮರಳಿದಳು.

ಓಣಿಯ ತಿರುವಿನವರೆಗೆ ಹೋಗಿದ್ದ ಗೌತಮನಿಗೆ ಹಿಂದೆ ಚಪ್ಪಲಿಯ ಸದ್ದು ಕೇಳಿಸಿತು. ಫಿರದೋಸ್ ಸೆರಗು ಹೊದ್ದುಕೊಂಡು ಬಂದಿದ್ದಳು. ಅವನ ಮುಖ ನೋಡಲಿಲ್ಲ.

“ಆ ಆಡಿಗೆ ಏನರ ಐತೇನ್ರಿ?”

“ಐತಿ.”

“ದೊಡ್ಡದಾ?”

“ಡಾಕ್ಟರಿಗೆ ತೋರಸ್ಬೇಕು. ಲಗೂನ.”

“ಆಡು ಕೇಳೂದಿಲ್ಲ,” ಎಂದಳು. “ಹ್ವಾದ ತಿಂಗಳ ಉಣಾಕ ಕುಂತಾಗ ತುತ್ತು ಕೈಯಾಗ ಹಿಡಕೊಂಡ ಹಂಗ ಕುಂತು ಬಿಡ್ತು. ಕರದ್ರ ಓ ಅನ್ನಲಿಲ್ಲ. ಆಮ್ಯಾಲ ಉಂಡು ಎದ್ದು ಹೋತು. ಏನಾತು ಅಂದ್ರ ಏನಾಗೇತಿ ಅಂತು.”

“ಈಗ ಎಲ್ಲೈತಿ?”

“ಕಾರ್ಖಾನಿ ಪಾಳೇದಾಗ. ಹಸರ ಟ್ರ್ಯಾಕ್ಟರ್, ಮುಂದ ಕೆಂಪ ಗೊಂಡೆ ಕಟ್ಟೇತಿ.” ತಿರುಗಿ ಎರಡು ಹೆಜ್ಜೆ ಹೋಗಿ ನಿಂತಳು. “ನಾ ಹೇಳೇನಿ ಅನಬ್ಯಾಡ್ರಿ.”

ಸಕ್ಕರೆ ಕಾರ್ಖಾನೆಯ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ನಿಂತಿದ್ದವು. ಪ್ರತಿಯೊಂದಕ್ಕೂ ಎರಡು ಟ್ರೇಲರ್, ಪ್ರತಿ ಟ್ರೇಲರಿನ ಮೇಲೆ ಮನೆಯಷ್ಟು ಕಬ್ಬು. ಪಾಳಿ ತೂಕದ ಕಟ್ಟೆಯವರೆಗೆ ಇತ್ತು. ಕೊನೆ ಎಲ್ಲಿದೆಯೋ ಕಾಣುತ್ತಿರಲಿಲ್ಲ. ಗೊಂಡೆ ಕಟ್ಟಿದ ಹಸಿರು ಟ್ರ್ಯಾಕ್ಟರಿನ ಮೇಲೆ ಕುಳಿತವನು ನಲವತ್ತು ದಾಟಿದ ಎತ್ತರದ ಆಳು. ಕಬ್ಬಿನ ಗಣಿಕೆಯನ್ನು ಹಲ್ಲಿನಿಂದ ಸಿಗಿಯುತ್ತಿದ್ದ.

“ಹಜರತಸಾಬ?”

“ಹೌದ್ರಿ. ಮ್ಯಾಲ ಬರ್ರಿ, ಬಿಸಲಾಗ ಯಾಕ ನಿಂತೀರಿ.” ಮಡ್‌ಗಾರ್ಡಿನ ಮೇಲೆ ಜಾಗ ಮಾಡಿಕೊಟ್ಟ. ಒಂದು ತುಂಡು ಕಬ್ಬನ್ನೂ ಕೊಟ್ಟ.

ಗೌತಮ ಹತ್ತಿ ಕುಳಿತ. ಇಂಜಿನ್ನಿನ ಬಿಸಿ ಪಾದಕ್ಕೆ ಬಡಿಯುತ್ತಿತ್ತು. “ನಾ ಮಷೀನಿನವ. ಶುಕ್ರವಾರ ಅದು ನಿಮ್ಮ ಎದಿಮ್ಯಾಲ ಇತ್ತು.”

ಹಜರತಸಾಬ ಅಗಿಯುವುದನ್ನು ನಿಲ್ಲಿಸಿದ. “ಯಾರ ಹೇಳಿದ್ರು?”

“ಮಷೀನು.”

“ಚುಗಲಿಖೋರ ಮಷೀನು.” ಜಗಿದ ಸಿಪ್ಪೆ ಉಗುಳಿದ. “ಮತ್ತೇನ ಹೇಳಿತು?”

“ಐದ ಸಲ ನಿಂತಿತ್ತು.”

“ಏನ ನಿಂತಿತ್ತು?”

“ಎದಿ.”

“ನಿಂತು ಹೊಳ್ಳಿ ಚಾಲೂ ಆತಿಲ್ಲ?”

“ಆತು.”

“ಮತ್ತ?” ಎಂದು ನಕ್ಕ. “ಈ ಗಾಡಿನೂ ಹಂಗನ. ಒಂದೊಂದ ಸಲ ಕೆಮ್ಮತೈತಿ, ನಿಲ್ತೈತಿ, ಒದ್ರ ಚಾಲೂ ಆಗ್ತೈತಿ.”

ಗೌತಮನೂ ನಗಬೇಕಾಯಿತು. ಹೇಳುವುದು ಅಷ್ಟು ಕಷ್ಟವಾಗಿರಲಿಲ್ಲ. ನಿಮಗೆ ಹೆದ್ದಾರಿಯ ಮೇಲೆ ಎಚ್ಚರ ತಪ್ಪಬಹುದು, ಹಿಂದೆ ಇಪ್ಪತ್ತು ಟನ್ ಕಬ್ಬು ಇರುತ್ತದೆ, ಮುಂದೆ ಶಾಲೆ ಬಿಟ್ಟ ಮಕ್ಕಳಿರಬಹುದು. ಇಷ್ಟೇ ವಾಕ್ಯ. ಕಾರ್ಖಾನೆಯ ದಾರಿಯಲ್ಲಿ ಎರಡು ಸಲ ಜೋಡಿಸಿಕೊಂಡಿದ್ದ.

“ಕಣ್ಣಿಗೆ ಕತ್ತಲ ಬರ್ತೈತೇನು?” ಎಂದು ಕೇಳಿದ.

“ಬರ್ತೈತಿ, ಹೋಗ್ತೈತಿ.” ಆಮೇಲೆ ದನಿ ತಗ್ಗಿಸಿದ. “ಡಾಕ್ಟರಿಗೆ ತೋರಿಸಿದ್ರ ಮೊದಲ ಏನಂತಾನ?”

“ಗಾಡಿ ಬಿಡ್ರಿ ಅಂತಾನ.”

“ಅದಕ್ಕನ.” ಸ್ಟಿಯರಿಂಗನ್ನು ಅಂಗೈಯಿಂದ ಒರೆಸಿದ. “ಹದಿನಾರು ವರ್ಷಾತು ಇದರ ಮ್ಯಾಲ. ಗಂಗಪ್ಪ ಧಣಿ ಗಾಡಿ ಇದು. ಒಂದ ಸಲ ಹಜರತಗ ಚಕ್ಕರ್ ಬರ್ತಾವಂತ ಅವನ ಕಿವಿಗೆ ಬಿತ್ತಂದ್ರ, ನಾಳಿ ಇಲ್ಲಿ ಬ್ಯಾರೇದವ ಕುಂತಿರ್ತಾನ. ಮನ್ಯಾಗ ಕುಂತು ನಾ ಏನ ಮಾಡ್ಲಿ, ಆಡು ಕಾಯಲಿ?”

ಗೌತಮ ಕಬ್ಬಿನ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ.

“ಸೀಜನ್ ಮುಗೀಲಿ. ನಲವತ್ತ ದಿವಸ. ಆಮ್ಯಾಲ ಎಲ್ಲಿಗಂತೀರಿ ಅಲ್ಲಿಗೆ ಬರತೇನಿ. ಬರೀಬ್ಯಾಡ್ರಿ ಸಾಹೇಬ್ರ.”

“ಬರಿಯಾಕ ಜಾಗಾನ ಇಲ್ರಿ ಅದರಾಗ,” ಎಂದ ಗೌತಮ.

ಅದು ಮುಕ್ಕಾಲು ನಿಜವಾಗಿತ್ತು. ಹಜರತಸಾಬನಿಗೆ ಅದು ಮಾತು ಕೊಟ್ಟಂತೆ ಕೇಳಿಸಿತು. ಗೌತಮನ ಕೈ ಹಿಡಿದು ಅಲುಗಾಡಿಸಿದ. ಅಂಗೈ ಒರಟಾಗಿತ್ತು, ಬೆಚ್ಚಗಿತ್ತು. ನಿಮಿಷಕ್ಕೆ ನಲವತ್ತಾರರ ಕೈ. ಗೌತಮನಿಗೆ ಏನಾದರೂ ಹೇಳಿಯೇ ಇಳಿಯಬೇಕೆನಿಸಿತು.

“ನೀರು ಜಾಸ್ತಿ ಕುಡೀರಿ,” ಎಂದ.

ಇಳಿದು ಎದುರಿನ ಚಹಾದಂಗಡಿಯವರೆಗೆ ನಡೆಯುವಾಗ ಈ ಮೂರು ಶಬ್ದ ಅವನ ಬೆನ್ನಿಗೇ ಬಂದವು. ತಿರುಗಿ ಹೋಗಬಹುದಾಗಿತ್ತು. ಟ್ರ್ಯಾಕ್ಟರ್ ಐವತ್ತು ಹೆಜ್ಜೆಯಷ್ಟೂ ದೂರವಿರಲಿಲ್ಲ. ಅವನು ಬೆಂಚಿನ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದ. ನಾಲ್ಕೂ ಇಪ್ಪತ್ತಾಗಿತ್ತು.

ಟಿಪ್ಪಣಿಯ ಸಾಲಿನಲ್ಲಿ ಕರ್ಸರ್ ಇಟ್ಟು ಬರೆದ: ‘೧೨.೫೦ ರಿಂದ ೩.೨೦ ಬೇರೆ ವ್ಯಕ್ತಿ. ಗಂಡು. ವಾಹನ ಚಾಲಕ. ತುರ್ತು.’ ಓದಿದ. ಇದನ್ನು ಯಾರು ಓದುತ್ತಾರೆ? ಓದಿದವರು ರೆಕಾರ್ಡನ್ನೇ ಹೊಳ್ಳಿಸುತ್ತಾರೆ. ಮುದುಕಿಯ ಎದೆಗೂ ಔಷಧ ಬೇಕು, ಅದೂ ಹೋಗುತ್ತದೆ. ಹಜರತಸಾಬ ಬರೀಬ್ಯಾಡ್ರಿ ಎಂದ. ಫಿರದೋಸ್ ಹೇಳೇನಿ ಅನಬ್ಯಾಡ್ರಿ ಎಂದಳು. ಉಮಾಶ್ರೀ ತಗದ ಬಿಡ್ರಿ ಎಂದಳು. ಎಲ್ಲರೂ ಕೇಳುತ್ತಿರುವುದು ಒಂದನ್ನೇ. ಇಷ್ಟು ಜನ ಒಮ್ಮೆಲೆ ತನ್ನಿಂದ ಏನನ್ನಾದರೂ ಕೇಳಿದ್ದು ಅವನಿಗೆ ನೆನಪಿರಲಿಲ್ಲ. ಸಾಲನ್ನು ಅಳಿಸಿದ.

ಬೆಲೆಯಿಲ್ಲದ ಕಡೆ ತುಂಬುವುದಕ್ಕೆ ಲೈಬ್ರರಿಯಲ್ಲಿ ಒಂದು ಅಂಕಿ ಗೊತ್ತುಮಾಡಿಟ್ಟಿದ್ದಾರೆ: ಮೈನಸ್ ಮೂವತ್ತೆರಡು ಸಾವಿರದ ಏಳುನೂರ ಅರವತ್ತೆಂಟು. ಯಾವ ಹೃದಯವೂ ಅಷ್ಟು ಕೆಳಗೆ ಇಳಿಯಲಾರದು. ಸೆಕೆಂಡಿಗೆ ಇನ್ನೂರೈವತ್ತು ಅಳತೆಯಂತೆ ಎರಡೂವರೆ ತಾಸಿಗೆ ಇಪ್ಪತ್ತೆರಡೂವರೆ ಲಕ್ಷ ಸಲ ಆ ಅಂಕಿ ಬೇಕು. ಹಜರತಸಾಬನ ಬಡಿತದ ಮೇಲೆ ಅದನ್ನು ಬರೆಯಲು ಒಂದು ಸೆಕೆಂಡೂ ಹಿಡಿಯಲಿಲ್ಲ. ಮತ್ತೆ ತೆರೆದು ಓದಿಸಿದರೆ ಅಲ್ಲಿ ‘ಸಂಖ್ಯೆಯಲ್ಲ’ ಎಂದು ಬಂತು. ಇದು ಅವನಿಗೆ ಇಷ್ಟವಾದ ಬೆಲೆ. ಅದನ್ನು ಅದರ ಜೊತೆಗೇ ಹೋಲಿಸಿ, ಇವೆರಡೂ ಒಂದೇ ಏನು ಎಂದು ಕೇಳಿದರೆ ಅಲ್ಲ ಎನ್ನುತ್ತದೆ. ತನಗೆ ತಾನೇ ಸಮನಲ್ಲದ್ದು ಆ ಲೋಕದಲ್ಲಿ ಅದೊಂದೇ. ಎಷ್ಟೋ ಮಧ್ಯಾಹ್ನ ಅವನು ಸುಮ್ಮನೆ ಆ ಪ್ರಶ್ನೆ ಕೇಳಿ ಆ ಉತ್ತರ ನೋಡಿದ್ದುಂಟು.

ಕಳಿಸಿದ.

ಚಹಾದಂಗಡಿಯ ಲಕ್ಕಪ್ಪ ಲೋಟ ಇಡುತ್ತ ತೆರೆಯೊಳಗೆ ಇಣುಕಿದ. “ಏನ್ರಿ ಅದು, ಗುಡ್ಡದ ಗೆರಿ ಇದ್ದಂಗ ಐತಿ. ನಡುವ ಸಪಾಟ.”

“ಸಪಾಟ್ ಅಲ್ಲ. ಅಲ್ಲೇನೂ ಇಲ್ಲ.”

“ಏನೂ ಇಲ್ದಿದ್ರ ಸಪಾಟನ ಅಲ್ಲೇನ್ರಿ?”

ಗೌತಮ ಉತ್ತರಿಸುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಉಮಾಶ್ರೀ.

“ಬಂತು ನೋಡ್ರಿ. ಕ್ಲೀನ್ ಐತಿ, ಪಾಸಾತು. ಮುದುಕಿಗೆ ಬೆಳಗಾವಿ ದವಾಖಾನಿಗೆ ಚೀಟಿ ಸಿಗ್ತೈತಿ. ಕಿತ್ತೂರ ಕೆಲಸ ಆತೇನು?”

“ಆತು.”

“ದನಿ ಯಾಕ ಹಿಂಗೈತಿ? ಉಂಡಿಲ್ಲಲ್ಲ?”

“ಉಂಡೇನಿ.”

“ಏನ ಉಂಡ್ರಿ?”

“ಕಬ್ಬು,” ಎಂದ. ಅವಳು ನಗುತ್ತಲೇ ಫೋನ್ ಇಟ್ಟಳು.

ಗೇಟಿನ ಕಡೆ ಸೀಟಿ ಊದಿತು. ಪಾಳಿ ಸರಿಯತೊಡಗಿತು. ಒಂದೊಂದೇ ಟ್ರ್ಯಾಕ್ಟರ್ ಕರಿ ಹೊಗೆ ಬಿಟ್ಟು, ತನ್ನ ಉದ್ದದಷ್ಟು ಮುಂದೆ ಹೋಗಿ ನಿಂತಿತು. ಹಜರತಸಾಬನ ಮುಂದಿನದೂ ಹೋಯಿತು. ಅವನದು ಹೋಗಲಿಲ್ಲ. ಇಂಜಿನ್ ನಡೆದೇ ಇತ್ತು. ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು; ತಲೆ ಬಾಗಿತ್ತು, ಮಡಿಲಲ್ಲಿ ಏನನ್ನೋ ಹುಡುಕುತ್ತಿರುವವನ ಹಾಗೆ. ಹಿಂದಿನವನು ಹಾರ್ನ್ ಒತ್ತಿದ. ಇನ್ನೊಮ್ಮೆ ಒತ್ತಿದ, ಉದ್ದಕ್ಕೆ. ಗೌತಮ ಲೋಟ ಹಿಡಿದುಕೊಂಡೇ ಎದ್ದು ನಿಂತ. ಹಿಂದಿನ ಟ್ರ್ಯಾಕ್ಟರ್ ಬಲಕ್ಕೆ ಹೊರಳಿ, ಅದರ ಕಬ್ಬು ಹಜರತಸಾಬನ ಕಬ್ಬನ್ನು ಸವರುತ್ತ ಸುತ್ತಿ ಬಂದು, ಆ ಖಾಲಿ ಜಾಗದಲ್ಲಿ ನಿಂತಿತು. ಅದರ ಹಿಂದಿನದೂ ಬಲಕ್ಕೆ ಹೊರಳಿತು.